ನೀಲಿ ಮೀಟರು, ದಾರಿಯ ನಮಸ್ಕಾರ

ನಮ್ಮ ಕಾರಿನ ಮುಂದಿನ ಜಾಳಿಗೆಯಲ್ಲಿ ಮೂರು ಹಳದಿ ದೀಪಗಳಿವೆ. ಅಂಥವು ಸಿಂಧನೂರಿನಲ್ಲಿ ಬೇರೆ ಯಾವ ಗಾಡಿಗೂ ಇಲ್ಲ. ನಮ್ಮ ಯಜಮಾನರು ಗಾಡಿಗಳ ವೈರಿಂಗ್ ಮಿಸ್ತ್ರಿ, ಅವನ್ನು ತಾವೇ ಕೂರಿಸಿದ್ದು. ಮಸ್ಕಿ, ಲಿಂಗಸುಗೂರು, ಮುದಗಲ್ ತನಕ ಇವರ ಕೈ ಮುಟ್ಟದ ಲಾರಿ, ಟ್ರ್ಯಾಕ್ಟರು ಕಡಿಮೆ. ಹಾಗಾಗಿ ಕತ್ತಲಲ್ಲಿ ಆ ಮೂರು ದೀಪ ಕಂಡರೆ ಸಾಕು, ಎದುರಿನ ಚಾಲಕ ತನ್ನ ಹೆಡ್‌ಲೈಟ್ ಒಮ್ಮೆ ಮಿನುಗಿಸಿ ಹೋಗುತ್ತಿದ್ದ. ಅದು ಮಿಸ್ತ್ರಿಗೆ ನಮಸ್ಕಾರ. ಇವರು ಹಾರ್ನ್ ಒತ್ತಿ ಬಲಗೈ ಎತ್ತುತ್ತಿದ್ದರು. "ಹಿಂಗ ಎಲ್ಲರಿಗೂ ಸಲಾಮ್ ಹೊಡ್ಕೊಂತ ಹೋದ್ರ ಮನಿ ಯಾವಾಗ ಮುಟ್ಟೋದ್ರೀ?" ಎಂದು ನಾನು ರೇಗಿಸುತ್ತಿದ್ದೆ.

ಆ ಬಲಗೈಗೇ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಬಂತು, ಕಾಲು ಎಳೆಯುತ್ತಾ ನಡೆಯುವಂತಾದರು. ಕೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಅಂಗಡಿಯ ಶಟರ್ ಇಳಿದಿದ್ದು ಇಳಿದೇ ಇತ್ತು. "ಯುಗಾದಿ ತನಕ ನೋಡ್ತೀನಿ. ಕೈ ಬಂದ್ರ ಬಂತು, ಇಲ್ಲಾಂದ್ರ ಅಂಗಡಿ ಬಿಟ್ಟು ಕೊಡ್ತೀನಿ" ಅಂದರು. ಅಂಗಡಿ ಇಲ್ಲದ ಇವರನ್ನು ನಾನು ಒಂದು ದಿನವೂ ನೋಡಿದವಳಲ್ಲ.

ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮೊದಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಚಳಿಗಾಲಕ್ಕೆ ಹತ್ತನೆಯವರಿಗೆ ಸಂಜೆ ವಿಶೇಷ ತರಗತಿ ಶುರುವಾದಾಗ ಕಾರು ತೆಗೆದೆ. ಓಡಿಸುವುದನ್ನು ಹಿಂದೆಯೇ ಇವರಿಂದ ಕಲಿತಿದ್ದೆ. ಆದರೆ ಕಾರಿನ ಮೀಟರಿನಲ್ಲಿ ಅರ್ಧ ಬಲ್ಬು ಸತ್ತು ಮುಳ್ಳು ಯಾವುದು, ಅಂಕಿ ಯಾವುದು ತಿಳಿಯುತ್ತಿರಲಿಲ್ಲ. "ಮಂದಿ ಗಾಡಿಗೆ ನಿಮ್ಮಷ್ಟು ದೀಪ ಹಚ್ಚಿದವರು ಯಾರೂ ಇಲ್ಲ, ಸ್ವಂತ ಹೆಂಡ್ತಿ ಮಾತ್ರ ಕತ್ತಲದಾಗ ಹೊಡಿಬೇಕು" ಎಂದು ಬೇಕಂತಲೇ ಚುಚ್ಚಿದೆ.

ಚುಚ್ಚಿದ್ದು ನಾಟಿತು. ಮರುದಿನ ಅಂಗಡಿಯಿಂದ ಎಲ್‌ಇಡಿ ಡಬ್ಬಿ ತರಿಸಿ, "ಯಾವ ಬಣ್ಣ ಹಾಕ್ಲಿ?" ಅಂದರು.

"ನೀಲಿ. ನವಿಲಿನ ಕುತ್ತಿಗಿ ಹಂಗ ಇರ್ಬೇಕು."

"ಮಾಸ್ತರ್ರ ಹುಕುಂ, ಮೀರಾಕ ಬರ್ತೈತೇನು?"

ಎಡಗೈಯಿಂದ ಮೀಟರನ್ನು ಹೊರಗೆಳೆದರು. ಎಲ್‌ಇಡಿಗಳು ಕಡಲೆಕಾಳಿನಷ್ಟು ಸಣ್ಣವು. ಬಿದ್ದವು, ಮಂಚದ ಕೆಳಗೆ ಉರುಳಿದವು, ನಾನು ಹುಡುಕಿ ಕೊಟ್ಟೆ. ಎಷ್ಟೋ ಹೊತ್ತಿನ ಮೇಲೆ ಎಲ್ಲವೂ ಕೂತವು. ಕೀಲಿ ತಿರುವಿದಾಗ ಇಡೀ ಮೀಟರು ನೀಲಿಯಾಗಿ ಹೊತ್ತಿಕೊಂಡಿತು. ಎಷ್ಟು ಚಂದ ಅಂತೀರಿ! ಇವರ ಹಣೆಯಲ್ಲಿ ಬೆವರು, ಓರೆಯಾದ ತುಟಿಯಲ್ಲಿ ನಗೆ. ನಾನು ಸೆರಗಿನಿಂದ ಹಣೆ ಒರೆಸಿದೆ.

ಅಲ್ಲಿಂದ ಶುರುವಾಯಿತು ನೋಡಿ. ಸಂಜೆ ಲಿಂಗಸುಗೂರು ದಾಟುವುದೇ ತಡ, ಎದುರಿನ ಗಾಡಿಗಳೆಲ್ಲ ದೀಪ ಮಿನುಗಿಸತೊಡಗಿದವು. ಬಸ್ಸು, ಭತ್ತದ ಲಾರಿ, ಪಾಮನಕಲ್ಲೂರಿನ ಕಡೆ ಹೊರಟ ಜೀಪು, ಯಾರೂ ಸುಮ್ಮನೆ ಹೋಗುತ್ತಿರಲಿಲ್ಲ. ಅಯ್ಯೋ, ನಮ್ಮ ಮಿಸ್ತ್ರಿಯನ್ನು ಇವರು ಮರೆತಿಲ್ಲವಲ್ಲ ಎಂದು ನನ್ನ ಕಣ್ಣು ತುಂಬಿ ಬರುತ್ತಿತ್ತು. ಪ್ರತಿಯೊಬ್ಬರಿಗೂ ಹಾರ್ನ್ ಒತ್ತಿ ಉತ್ತರ ಕೊಡುತ್ತಾ ಬರುತ್ತಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವರು ಕೇಳುತ್ತಿದ್ದರು: "ಇವತ್ತ ಯಾರ್ಯಾರು ಸಿಕ್ಕಿದ್ರು?"

"ಸಿಕ್ಕವರೆಲ್ಲಾ ಸಲಾಮ್ ಹೇಳ್ಯಾರ. ಮಿಸ್ತ್ರಿ ಯಾವಾಗ ಬರ್ತಾನಂತ ಕೇಳಿದಂಗಾತು."

ಇವರ ಬಿಗಿದ ಮುಖ ಸಡಿಲಾಗುತ್ತಿತ್ತು. ಎರಡು ರೊಟ್ಟಿ ತಿನ್ನುವವರು ಮೂರು ತಿನ್ನುತ್ತಿದ್ದರು. ಆಮೇಲೆ ರಬ್ಬರ್ ಚೆಂಡು ತೆಗೆದುಕೊಂಡು ಬಲಗೈಯಲ್ಲಿ ಒತ್ತುತ್ತಾ ಕೂರುತ್ತಿದ್ದರು. ಡಾಕ್ಟರ್ ಹೇಳಿದಾಗ ಮೂಲೆಗೆ ಎಸೆದಿದ್ದ ಚೆಂಡು ಅದು.

"ನಿಮ್ಮ ಸಲಾಮು ನೀವೇ ಬಂದು ತಗೊಳ್ರಿ, ನನಗ ಹಾರ್ನ್ ಒತ್ತಿ ಒತ್ತಿ ಸಾಕಾಗೈತಿ" ಎಂದು ಒಂದು ದಿನ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಹಗಲೆಲ್ಲ ಲಿಂಗಸುಗೂರಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು. ಸಂಜೆ ನನ್ನ ಎಡಕ್ಕೆ ಕೂರಿಸಿಕೊಂಡು ಹೊರಟೆ. ಊರು ದಾಟಿದ ಮೇಲೆ ಮೊದಲು ಬಂದ ಬಸ್ಸು ದೀಪ ಮಿನುಗಿಸಿತು. "ನೋಡ್ರಿ!" ಎಂದೆ. ಇವರು ಎಡಗೈ ಎತ್ತಿದರು. ಅದರ ಹಿಂದಿನ ಲಾರಿಯೂ ಮಿನುಗಿಸಿತು, ಒಂದಲ್ಲ, ನಾಲ್ಕಾರು ಸಲ. ಇವರು ಕೈ ಅರ್ಧಕ್ಕೇ ಇಳಿಸಿದರು. ಮಸ್ಕಿ ದಾಟಿದ ಮೇಲೆ ಎದುರಿನಿಂದ ಬಂದ ಹುಲ್ಲಿನ ಟ್ರ್ಯಾಕ್ಟರ್ ಒಂದು ನಮ್ಮ ಪಕ್ಕಕ್ಕೇ ಬಂದು ನಿಂತಿತು. ನಾನೂ ನಿಲ್ಲಿಸಿದೆ.

"ಏ, ಕಣ್ಣಾಗ ಹೊಡಿಯಾಕತ್ತೈತಿ, ಲೈಟ್ ಇಳಸಬೇ!" ಎಂದು ಅದರ ಮೇಲಿದ್ದವನು ಕೂಗಿದ. ಬಗ್ಗಿ ನನ್ನನ್ನು ನೋಡಿದ ಮೇಲೆ ದನಿ ತಗ್ಗಿಸಿದ. "ಯವ್ವಾ, ಲೈಟ್ ಇಳಸವ್ವಾ. ದಿನಾ ಹಿಂಗ ಬರ್ತೀಯಲ್ಲ, ನಾವು ಕಾಲುವ್ಯಾಗ ಬೀಳೋದಾ?"

ಇವರು ಮೆಲ್ಲಗೆ, "ಅಪ್ಪರ್ ಹಾಕೀಯೇನು? ಇಳಸು" ಅಂದರು. ಸ್ಟೀರಿಂಗಿನ ಪಕ್ಕದ ಕಡ್ಡಿ ಎಳೆದೆ. ದೂರದವರೆಗೆ ಚಾಚಿದ್ದ ಬೆಳಕು ಗಾಡಿಯ ಮುಂದೆ ಬಂದು ಕೂತಿತು.

ಆಗ ನನಗೆ ಹೊಳೆಯಿತು. ಅಪ್ಪರ್, ಅಂದರೆ ಎದುರಿನವರ ಕಣ್ಣು ಕುಕ್ಕುವ ಎತ್ತರದ ಬೆಳಕು, ಹೊತ್ತಿದ್ದಾಗ ಮೀಟರಿನಲ್ಲಿ ಒಂದು ನೀಲಿ ಚುಕ್ಕಿ ಕಾಣುತ್ತದೆ. ಗಾಡಿ ಕಲಿಸುವಾಗ, "ನೀಲಿ ಚುಕ್ಕಿ ಕಂಡ್ರ ಎದುರಿನವರ ಕಣ್ಣು ನೆನಸ್ಕೋ" ಎಂದು ಇವರೇ ಹೇಳಿಕೊಟ್ಟಿದ್ದು. ಈಗ ಮೀಟರೆಲ್ಲ ನೀಲಿ. ಆ ನೀಲಿಯಲ್ಲಿ ಚುಕ್ಕಿ ಮುಳುಗಿಹೋಗಿತ್ತು. ಕತ್ತಲ ದಾರಿಗೆ ಅಪ್ಪರ್ ಹಾಕಿದವಳು ಇಳಿಸುವುದನ್ನೇ ಮರೆತು ಊರು ಸೇರುತ್ತಿದ್ದೆ. ಇಷ್ಟು ದಿನ ನಾನು ಹಾರ್ನ್ ಒತ್ತಿ ಒತ್ತಿ ಮನೆಗೆ ತಂದಿದ್ದು ನಮಸ್ಕಾರವಲ್ಲ, ಬೈಗುಳ.

ನನಗೆ ನಗು ಬಂತು. ತಿರುಗಿ ನೋಡಿದರೆ ಇವರ ಮುಖ ನೋಡುವಂತಿರಲಿಲ್ಲ. ಬಳಗಾನೂರಿನ ಕ್ರಾಸ್ ಬಂತು, ಗದ್ದೆಗಳು ಬಂದವು, ಸಿಂಧನೂರು ಬಂತು.

ಮನೆಯಲ್ಲಿ ಮಂಚದ ಮೇಲೆ ಕೂತು ಹೇಳಿದರು: "ನೀಲಿ ಚುಕ್ಕಿ ಇರೋ ಮೀಟರಿಗೆ ನೀಲಿ ಹಾಕಬಾರದು, ಇದು ನಿನ್ನೆ ಮೊನ್ನೆ ಕಲ್ತವಗೂ ಗೊತ್ತಿರೋ ಮಾತು. ನಾ ಮರ್ತೀನಿ. ಕೈ ಒಂದಾ ಹೋಗಿಲ್ಲ, ತಲೀನೂ ಹೋಗೈತಿ. ಯಾರೂ ನನ್ನ ನೆನಸಿಲ್ಲ. ಯುಗಾದಿ ಯಾಕ, ನಾಳೇನಾ ಅಂಗಡಿ ಬಿಡ್ತೀನಿ."

ಸಂಕಟವಾದರೆ ನನ್ನ ಬಾಯಿಗೆ ಬರುವುದು ಸಿಟ್ಟು. ನನ್ನ ಸ್ವಭಾವವೇ ಹಾಗೆ. "ನೆಗಡಿ ಬಂತಂತ ಮೂಗು ಕೊಯ್ಕೊಂತಾರೇನ್ರೀ? ನೀಲಿ ಕೇಳಿದಾಕಿ ನಾನು, ಚುಕ್ಕಿ ನೋಡಲಾರದಾಕೀನೂ ನಾನು. ತಪ್ಪೆಲ್ಲಾ ನೀವೊಬ್ರೇ ಹೊತ್ಕೊಂಡು ಹೊಂಟೀರೇನು?" ಎಂದು ಕಾರಿನ ಕೀಲಿ ತಂದು ಅವರ ಮುಂದೆ ಇಟ್ಟೆ. "ಬ್ಯಾರೆ ಮಿಸ್ತ್ರಿ ಕೈ ಈ ಗಾಡಿಗೆ ಬೀಳಂಗಿಲ್ಲ. ನೀವು ಸರಿ ಮಾಡೋ ತನಕ ನಾ ಬಸ್ಸಿಗೇ ಹೋಗ್ತೀನಿ."

ಹೋದೆ. ಬರುವಾಗ ಮಸ್ಕಿಯವರೆಗೂ ನಿಂತೇ ಬರಬೇಕಾಗುತ್ತಿತ್ತು. ಮನೆಗೆ ಬಂದು ಇವರ ಎದುರಿಗೇ ಕೂತು ಊದಿದ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಸ್ವಲ್ಪ ನರಳುತ್ತಿದ್ದೆ ಕೂಡ, ಬೇಕಾದದ್ದಕ್ಕಿಂತ ತುಸು ಜಾಸ್ತಿಯೇ. ಇವರು ಗೋಡೆ ನೋಡುತ್ತಿದ್ದರು. ಆದರೆ ಅಂಗಡಿ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಒಂದು ಸಂಜೆ ಬಂದಾಗ ಅಂಗಳದಲ್ಲಿ ಕಾರಿನ ಬಾಗಿಲು ತೆರೆದಿತ್ತು. ಮಂಚದ ಮೇಲೆ ಟವೆಲ್ ಹಾಸಿ ಮೀಟರನ್ನು ಮಗುಚಿ ಇಟ್ಟಿದ್ದರು. ಅದು ಜಾರದಂತೆ ಬಲ ಮೊಳಕೈಯ ಭಾರವನ್ನು ಅದರ ಮೇಲೆ ಹಾಕಿ ಕೂತಿದ್ದರು. ನಾನು ಟಾರ್ಚ್ ಹಿಡಿದೆ.

"ಮೀಟರಿಗೆ ಹಿಡಿರಿ ಮಾಸ್ತರ್ರ, ನನ್ನ ಮಾರಿಗಲ್ಲ" ಅಂದರು.

ಅಬ್ಬಾ, ಬೈದರಲ್ಲ ಎಂದು ಜೀವ ತಂಪಾಯಿತು. ಈ ಸಲದ ಎಲ್‌ಇಡಿಗಳು ಅರಿಶಿನ ಬಣ್ಣದವು. ಬ್ಯಾಟರಿಗೆ ವೈರು ಕೊಟ್ಟು ನೋಡಿದರೆ ಕೊನೆಯದೊಂದು ಹೊತ್ತಲಿಲ್ಲ. ಎಲ್‌ಇಡಿಯನ್ನು ತಿರುವುಮುರುವು ಹಾಕಿದರೆ ಉರಿಯುವುದಿಲ್ಲ, ಕಿತ್ತು ಹೊರಳಿಸಿ ಹಾಕಬೇಕು. ಎಡಗೈ ಮೀಟರು ಹಿಡಿದಿತ್ತು. ನಾನು ಕೈ ಚಾಚಿದೆ. "ಬ್ಯಾಡ, ತಡಿ" ಅಂದರು. ಬಲಗೈಯ ಹೆಬ್ಬೆರಳು, ತೋರುಬೆರಳು ನಡುಗುತ್ತಾ ಅದನ್ನು ಹಿಡಿದವು. ಜಾರಿತು. ಮತ್ತೆ ಹಿಡಿದವು. ಹೊರಳಿತು, ಕೂತಿತು, ಹೊತ್ತಿತು.

"ಹೆಂಗ ಕಾಣ್ತೈತಿ ನೋಡಿ ಬರೋಣ" ಎಂದು ಮೀಟರನ್ನು ಕಾರಿಗೆ ಕೂರಿಸಿಕೊಂಡು ಮಸ್ಕಿ ರಸ್ತೆಗೆ ಹೊರಟೆವು. ಅರಿಶಿನ ಬೆಳಕಿನಲ್ಲಿ ಅಂಕಿಗಳು ಹಿತವಾಗಿ ಕಾಣುತ್ತಿದ್ದವು. ಅಪ್ಪರ್ ಹಾಕಿ ನೋಡಿದೆ. ನೀಲಿ ಚುಕ್ಕಿ ಒಂದೇ, ಢಾಳಾಗಿ ಎದ್ದು ಕಂಡಿತು. ತಕ್ಷಣ ಇಳಿಸಿದೆ.

ಸ್ವಲ್ಪ ಮುಂದೆ ಎದುರಿನಿಂದ ಒಂದು ಲಾರಿ ಬಂತು. ಹತ್ತಿರ ಬರುತ್ತಲೇ ದೀಪ ಮಿನುಗಿಸಿತು. ಇಬ್ಬರೂ ಒಟ್ಟಿಗೇ ಮೀಟರು ನೋಡಿದೆವು. ನೀಲಿ ಚುಕ್ಕಿ ಇರಲಿಲ್ಲ. ಲಾರಿ ನಿಧಾನ ಮಾಡಿ ಮತ್ತೊಮ್ಮೆ ಮಿನುಗಿಸಿತು, ಕಿಟಕಿಯಿಂದ ಒಂದು ತೋಳು ಹೊರಗೆ ಬಂತು. "ಏ ಮಿಸ್ತ್ರೀ, ಆರಾಮದೀಯೇನು?" ಎಂಬ ಕೂಗು ನಮ್ಮ ಪಕ್ಕದಲ್ಲೇ ಹಾದುಹೋಯಿತು.

ಇವರು ಎಡಗೈ ಎತ್ತಲಿಲ್ಲ. ತೊಡೆಯ ಮೇಲಿದ್ದ ಬಲಗೈ ಅಲುಗಿತು. ಮೆಲ್ಲಗೆ, ನಡುಗುತ್ತಾ, ಎದೆಯ ತನಕ ಎದ್ದಿತು. ಅಷ್ಟು ಹೊತ್ತಿಗೆ ಲಾರಿ ಎಷ್ಟೋ ಹಿಂದೆ ಹೋಗಿತ್ತು. ಆದರೂ ಕೈ ಹಾಗೇ ಇತ್ತು, ಬೆರಳುಗಳ ಮೇಲೆ ಅರಿಶಿನ ಬೆಳಕು. ಅವರ ಬದಲು ನಾನು ಹಾರ್ನ್ ಒತ್ತಿದೆ, ಉದ್ದಕ್ಕೆ.

"ನಾಳಿ ಶಟರ್ ಎತ್ತಾಕ ಬರ್ತೀಯೇನು? ಒಂದು ಕಡೆ ನೀ ಹಿಡೀಬೇಕು" ಅಂದರು.

"ಸಾಲಿಗಿ ರಜಾ ಹಾಕಿಸ್ತೀರೇನು ನನಗ?" ಎಂದು ಜಬರಿಸಿದೆ. ದಾರಿ ಮಂಜಾಗತೊಡಗಿತ್ತು, ಕಾರನ್ನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಕಣ್ಣು ಒರೆಸಿಕೊಂಡು, ಬರ್ತೀನಿ ಅಂದೆ.