ಗುಣವತಿ ಟೀಚರ್ ಕೇಳದೆ ಬಿಟ್ಟವನು

ಚೆನ್ನೈಯಲ್ಲಿ ಒಬ್ಬ ಹುಡುಗಿಯನ್ನು ಮೂರು ವರ್ಷ ಬಿ.ಕಾಂ. ಓದಿಸಲು ಫೀಸು, ಬಸ್ಸು, ಪುಸ್ತಕ, ನಾಲ್ಕು ಜೊತೆ ಚೂಡಿದಾರ ಎಲ್ಲ ಸೇರಿ ಒಂದೂವರೆ ಲಕ್ಷ ಬೇಕು. ಪುರಸೈವಾಕ್ಕಂನ ಕನ್ನಡ ಮನೆಗಳಲ್ಲಿ ಈ ಲೆಕ್ಕವನ್ನು ಬಾಯಲ್ಲೇ ಒಪ್ಪಿಸಿ ಅಪ್ಪಂದಿರ ಮನಸ್ಸು ತಿರುಗಿಸುತ್ತಿದ್ದವರು ನಮ್ಮ ಶಾಲೆಯ ಗಣಿತದ ಗುಣವತಿ ಟೀಚರ್. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರು ಈಗ ನಿವೃತ್ತರಾಗುತ್ತಿದ್ದಾರೆ.

ಪ್ರತಿ ಜನವರಿಯಲ್ಲಿ ಹನ್ನೆರಡನೆಯ ತರಗತಿಯ ಹುಡುಗಿಯರಿಗೆ ಅವರು ಒಂದೊಂದು ಚೀಟಿ ಕೊಡುತ್ತಿದ್ದರು: ಮುಂದೇನು? ‘ಕಾಲೇಜು’ ಎಂದು ಬರೆದವಳ ಮನೆಗೆ ಚೀಟಿ ಹಿಡಿದು ತಾವೇ ಹೋಗುತ್ತಿದ್ದರು. ಹುಡುಗರಿಗೆ ಚೀಟಿ ಇರಲಿಲ್ಲ. ಅವರ ದಾರಿ ಹೇಗೂ ಆಗುತ್ತದೆ ಎಂದು ಟೀಚರ್ ನಂಬಿದ್ದರು.

ಟೀಚರದು ಒಂಟಿ ಜೀವ. ಸಂಜೆಯ ತಿಂಡಿ ಶೀನಣ್ಣನ ಹೋಟೆಲಿನ ಮೂಲೆಯ ಮೇಜಿನಲ್ಲಿ. ಶೀನಣ್ಣನಿಗೆ ಅವಳಿ ಮಕ್ಕಳು, ಅಶ್ವಿತಾ ಮತ್ತು ಚರಣ್. ಇಬ್ಬರೂ ಟೀಚರ ಶಿಷ್ಯರು. ಐದು ವರ್ಷದ ಹಿಂದೆ ಅಶ್ವಿತಾಳ ಚೀಟಿ ಹಿಡಿದು ಅವರು ಗಲ್ಲಾದೆದುರು ನಿಂತರು.

“ಓದ್ಲಿ ಟೀಚರೇ. ಈಗ ಡಿಗ್ರಿ ಇಲ್ದ ಹುಡುಗಿಗೆ ಗಂಡು ಎಲ್ಲುಂಟು? ಇವನಿಗೆ ಓದು ಎಂತಕ್ಕೆ! ಗಲ್ಲಾದಲ್ಲಿ ಕೂತು ದುಡ್ಡು ಎಣಿಸಿದ್ರೆ ಸಾಕಲ್ಲ?”

“ಎಣಿಸ್ತಾನೆ ಬಿಡಿ, ಲೆಕ್ಕ ಕಲಿಸಿದವಳು ನಾನೇ ಅಲ್ವಾ!” ಎಂದು ಟೀಚರೂ ನಕ್ಕರು. ಪಕ್ಕದಲ್ಲೇ ನಿಂತಿದ್ದ ಚರಣ್ ನಗಲಿಲ್ಲ. ಗಣಿತದಲ್ಲಿ ತಂಗಿಗಿಂತ ಹನ್ನೊಂದು ಅಂಕ ಹೆಚ್ಚು ತೆಗೆದವನು ಅವನು.

ಮೂರು ವರ್ಷ ಚರಣ್ ದಿನಾ ಅವರ ಮೇಜಿಗೆ ಕಾಫಿ ತಂದಿಟ್ಟ. ಅಶ್ವಿತಾ ಪದವಿ ಪಡೆದ ದಿನ ಟೀಚರ್ ಸಂತೋಷದಿಂದ ಅವನಿಗೂ ಸಿಹಿ ಕೊಟ್ಟರು. ಅವನು ಮೆಲ್ಲಗೆ ಹೇಳಿದ:

“ಮಿಸ್, ಅವಳನ್ನ ಕೇಳಿದ್ರಿ, ಅಪ್ಪನನ್ನ ಕೇಳಿದ್ರಿ. ನನ್ನನ್ನ ಯಾರೂ ಕೇಳ್ಲೇ ಇಲ್ಲ.”

ಟೀಚರ್ ಕೈಯಲ್ಲಿದ್ದ ಸಿಹಿಯ ಪೆಟ್ಟಿಗೆ ಕೆಳಗಿಟ್ಟರು. “ಈಗ ಕೇಳ್ತೇನೆ. ಕಾಲೇಜಿಗೆ ಹೋಗ್ತೀಯಾ?”

“ಈಗ ಅಪ್ಪನಿಗೆ ಕಾಲುನೋವು, ನಿಲ್ಲಲಿಕ್ಕೆ ಆಗುದಿಲ್ಲ. ಪರವಾಯಿಲ್ಲ ಮಿಸ್, ಕಾಫಿ ಆರ್ತದೆ, ಕುಡೀರಿ.”

ಮುಂದಿನ ಜನವರಿಯಿಂದ ಚೀಟಿ ಹುಡುಗರ ಕೈಗೂ ಹೋಯಿತು. ಅವರಲ್ಲಿ ಅರ್ಧಕ್ಕರ್ಧ ಮಂದಿ ಏನೂ ಬರೆಯದೆ ಹಿಂತಿರುಗಿಸಿದರು. ಅಂಥವರನ್ನು ಟೀಚರ್ ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಮಾತಾಡಿಸಿದರು. ‘ನನ್ನ ತಪ್ಪನ್ನೂ ಬರೆಯಿರಿ’ ಎಂದು ಅವರೇ ಒತ್ತಾಯಿಸಿದ್ದರಿಂದ ಇದನ್ನು ಈ ಬೀಳ್ಕೊಡುಗೆಯ ಬರಹದಲ್ಲಿ ಬರೆದದ್ದಾಯಿತು.

ಅವರ ಮೊಣಕಾಲು ಗಟ್ಟಿಯಾಗಿರಲಿ, ಆಯುಸ್ಸು ದೊಡ್ಡದಾಗಲಿ, ಇನ್ನೂ ಎಷ್ಟೋ ಮನೆಗಳ ಮೆಟ್ಟಿಲನ್ನು ಅವರು ಹತ್ತುವಂತಾಗಲಿ. ಅವರಿಂದಾಗಿ ಐವತ್ತಮೂರು ಹುಡುಗಿಯರು ಕಾಲೇಜು ಕಂಡರು. ಕಳೆದ ಎರಡು ವರ್ಷಗಳಲ್ಲಿ ಒಂಬತ್ತು ಹುಡುಗರೂ ಕಂಡರು. ಚರಣ್ ಕಾಣಲಿಲ್ಲ.