ಕಮ್ಮಿ ಬಿದ್ದ ಚಿತ್ರಗಳು

ದಾಖಲೆ ಕಚೇರಿಯ ಕ್ಯಾಮೆರಾ ಅಕ್ಕನಿಗೆ ಲೋಕದಲ್ಲಿ ನಂಬಿಕೆ ಅಂತ ಇದ್ದದ್ದು ತನ್ನ ಮೇಜಿನ ಹಳೇ ಕಂಪ್ಯೂಟರಿನ ಮೇಲೆ ಮಾತ್ರ. ಕಪ್ಪು ಪರದೆ, ಹಸಿರು ಅಕ್ಷರ. ಕೀಲಿಗಳ ಮೇಲಿನ ಬರಹವೆಲ್ಲ ಅವಳ ಬೆರಳಿಗೆ ಸವೆದುಹೋಗಿತ್ತು. ಹಳೇ ಆಸ್ತಿಪತ್ರವನ್ನು ಗಾಜಿನಡಿ ಇಟ್ಟು ಅವಳು ಕಾಲಲ್ಲಿ ಪೆಡಲ್ ಒತ್ತಿದರೆ ಸಾಕು, ಅದು ದೀಪ ಹೊತ್ತಿಸಿ, ಮೇಲಿನ ಕ್ಯಾಮೆರಾದಿಂದ ಚಿತ್ರ ತೆಗೆಸಿ, ಫಿಲ್ಮ್ ಸರಿಸಿ, ಲೆಕ್ಕಕ್ಕೆ ಒಂದು ಸೇರಿಸುತ್ತಿತ್ತು. "ಮನುಷ್ಯರ ಹಾಗಲ್ಲ, ಇದಕ್ಕೆ ಸುಳ್ಳು ಹೇಳೋಕೆ ಬರಲ್ಲ" ಎನ್ನುವಳು. ಗಂಡ ತಂದ ತರಕಾರಿಯನ್ನೂ ಮತ್ತೊಮ್ಮೆ ತೂಗಿ ನೋಡುವ ಹೆಂಗಸು, ಇನ್ನೇನು ಹೇಳೋಣ!

ಅಂಥವಳು ಒಂದು ದಿನ, ತೊಳೆದು ಬಂದ ಫಿಲ್ಮನ್ನು ಓದುವ ಯಂತ್ರಕ್ಕೆ ಹಾಕಿ ಎಣಿಸಿದಳು. ಕಂಪ್ಯೂಟರ್ ಹೇಳಿದ್ದಕ್ಕಿಂತ ಚಿತ್ರಗಳು ಕಮ್ಮಿ! ಮುಂದಿನ ಸುರುಳಿಯೂ ಹಾಗೇ. ಬೆರಳಾಡಿಸಿದರೆ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಗುರುತು. ಫಿಲ್ಮ್ ತೊಳೆಯುವ ಕತ್ತಲೆಕೋಣೆಯಲ್ಲಿ ಇರುವವನು ಒಬ್ಬನೇ, ಅವಳ ಮೈದುನ. ಸಾಹೇಬರ ಕೈಕಾಲು ಹಿಡಿದು ಅವನಿಗೆ ಕೆಲಸ ಕೊಡಿಸಿದವಳೂ ಅವಳೇ. ಯಾರದೋ ಆಸ್ತಿಪತ್ರದ ಚಿತ್ರ ಕದ್ದು ಮಾರುತ್ತಿದ್ದಾನೆ, ಪಾಪಿ! ನಾಳೆ ಇದು ಹೊರಬಿದ್ದರೆ ತನ್ನ ತಲೆಯೂ ಉರುಳುವುದೇ.

ಅಂದಿನಿಂದ ಅವನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕೆಮ್ಮಿದರೂ ಅನುಮಾನ, ನಕ್ಕರೂ ಅನುಮಾನ. ಮನೆಯಲ್ಲಿ ಊಟದ ಡಬ್ಬಿಯನ್ನು ಅವನೇ ತೊಳೆದಿಡುತ್ತಿದ್ದ. ಹುಟ್ಟಿದಾಗಿನಿಂದ ಒಂದು ಲೋಟ ತೊಳೆಯದವನು! ರಾತ್ರಿಯೆಲ್ಲ ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸುತ್ತ ಎಚ್ಚರವಿರುತ್ತಿದ್ದಳಲ್ಲ, ಆಗೆಲ್ಲ ತಲೆಯಲ್ಲಿ ಆ ಡಬ್ಬಿಯದೇ ಚಿಂತೆ.

ಕೊನೆಗೆ ತಡೆಯಲಾರದೆ ಸಾಹೇಬರ ಮುಂದೆ ನಿಂತು, ಲೆಕ್ಕಕ್ಕಿಂತ ಚಿತ್ರ ಕಮ್ಮಿ ಬಿದ್ದದ್ದನ್ನು ಹೇಳಿದಳು. ಅವರು ನಕ್ಕರು. "ಆ ಮುದಿ ಯಂತ್ರಕ್ಕೆ ಅರಳುಮರಳು ಕಣಮ್ಮ."

"ಅದು ಸರಿಯಾಗೇ ಇದೆ ಸಾರ್. ಕಳ್ಳ ನಮ್ಮ ಮನೆಯವನೇ. ಅವನ ಡಬ್ಬಿ ತೆಗೆಸಿ. ತಪ್ಪು ಯಾರದೇ ಆಗ್ಲಿ, ಮುಲಾಜಿಲ್ದೆ ಮನೆಗೆ ಕಳ್ಸಿ."

ಸಾಹೇಬರು ಕರೆಸಿದಾಗ ಡಬ್ಬಿ ಹಿಡಿದು ಬಂದ ಮೈದುನನ ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ, ಇಲ್ಲಿ ಬೇಡ. ಮನೇಲಿ ಹೇಳ್ತೀನಿ."

"ಯಾಕೋ, ಇಲ್ಲೇ ಬೊಗಳು!"

ಡಬ್ಬಿಯೊಳಗೆ ಫಿಲ್ಮಿನ ತುಂಡುಗಳೇ ಇದ್ದವು. ಅಕ್ಕ ಗೆದ್ದವಳಂತೆ ಸೆರಗು ಸರಿಮಾಡಿಕೊಂಡಳು. ಸಾಹೇಬರು ಒಂದು ತುಂಡನ್ನು ಕಿಟಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಎರಡನ್ನೂ ಅವಳ ಕೈಗಿಟ್ಟರು.

ಆಸ್ತಿಪತ್ರದ ಮೇಲೆ ಒಂದು ತಲೆ ಬಿದ್ದಿತ್ತು. ಕಪ್ಪು ಕೂದಲು ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತಿತ್ತು, ಕನ್ನಡಕ ಜಾರಿತ್ತು. ಅವಳದೇ ತಲೆ. ಮುಂದಿನ ಚಿತ್ರದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಕೂತಲ್ಲೇ ತೂಕಡಿಸಿದಾಗ ಕಾಲು ಪೆಡಲನ್ನು ಮತ್ತೆ ಮತ್ತೆ ಒತ್ತುತ್ತಿತ್ತು. ಕಂಪ್ಯೂಟರ್ ಪಾಪ, ನಿಯತ್ತಾಗಿ ಚಿತ್ರ ತೆಗೆದು ಎಣಿಸುತ್ತಿತ್ತು.

"ಇಲ್ಲಿನ ಬುಟ್ಟಿಗೆ ಹಾಕಿದ್ರೆ ಯಾರಾದ್ರೂ ನೋಡ್ತಾರೆ ಅಂತ ಮನೆಗೆ ಒಯ್ದು ಸುಡ್ತಿದ್ದೆ," ಎಂದ ಮೈದುನ ತಲೆ ತಗ್ಗಿಸಿ. "ನಮ್ಮಮ್ಮನ ದೆಸೆಯಿಂದ ತಾನೇ ಅತ್ತಿಗೆ, ನಿಮಗೆ ನಿದ್ದೆ ಇಲ್ದಿರೋದು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ನಾಚಿಕೆಗೆ ಕಣ್ಣು ತುಂಬಿತು.

"ಮುಲಾಜಿಲ್ಲದೆ ಅಂದ್ರಿ," ಸಾಹೇಬರು ಮೆಲ್ಲಗೆ ಕೇಳಿದರು. "ಈಗ ಯಾರನ್ನಮ್ಮ ಕಳಿಸಲಿ?"

ಅವಳು ಡಬ್ಬಿಯ ಮುಚ್ಚಳ ಹಾಕಿ ಮೈದುನನ ಕೈಗಿತ್ತಳು.

"ನನ್ನನ್ನ ಸಾರ್," ಎಂದಳು.