ನಲವತ್ತೊಂದನೆಯ ಸಹಿ

ಎಲುಬಿಲ್ಲದ ನಾಲಗೆ ಎಲ್ಲರಿಗೂ ಇರುವಂಥದ್ದೇ. ಆದರೆ ಬಿಸಿನೀರಿಗೆ ಇಳಿದ ಮೇಲೆ ಅದು ಇನ್ನಷ್ಟು ಸಡಿಲವಾಗುತ್ತದೆ ಎಂಬುದನ್ನು ಯೋರುನ್ ತನ್ನ ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಚೆನ್ನಾಗಿ ಅರಿತಿದ್ದಳು. ಐಸ್‌ಲ್ಯಾಂಡಿನ ಕಡಲತಡಿಯ ಊರಾದ ಓಲಾಫ್ಸ್‌ವೀಕ್‌ನ ಈಜುಕೊಳದ ಮೇಲ್ವಿಚಾರಕಿ ಅವಳು. ಕೊಳದ ಪಕ್ಕ, ಬಯಲಿನಲ್ಲಿ, ಎಂಟು ಹತ್ತು ಜನ ಕುತ್ತಿಗೆವರೆಗೆ ಮುಳುಗಿ ಕೂರುವಂಥ ದುಂಡನೆಯ ಬಿಸಿನೀರಿನ ತೊಟ್ಟಿಯೊಂದಿದೆ. ಊರಿನವರು ಅದನ್ನು ಹಂಡೆ ಎನ್ನುತ್ತಾರೆ. ಹೊರಗೆ ಹಿಮ ಬೀಳಲಿ, ಕಡಲಿಂದ ಗಾಳಿ ಬೀಸಲಿ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವಷ್ಟರಲ್ಲಿ ಹಂಡೆಯ ಗಿರಾಕಿಗಳು ಟವೆಲ್ ಹೆಗಲಿಗೇರಿಸಿ ನಿಂತಿರುತ್ತಾರೆ. ಮೀನಿನ ದರ, ಮಂತ್ರಿಗಳ ಮೂರ್ಖತನ, ಯಾರ ಮಗಳು ಯಾರ ಕಾರಿನಲ್ಲಿ ಕಂಡಳು, ಎಲ್ಲವೂ ಅಲ್ಲೇ ಇತ್ಯರ್ಥವಾಗಬೇಕು.

ಹದಿನೈದಕ್ಕೇ ಮೀನಿನ ಕಾರ್ಖಾನೆ ಸೇರಿ ಕಾಡ್ ಮೀನು ಸೀಳಿದವಳು ಯೋರುನ್. ದೋಣಿಯಲ್ಲಿ ದುಡಿಯುತ್ತಿದ್ದ ಏವಿಂದುರ್‌ನನ್ನು ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ಕೈಬೆರಳು ಚಳಿಗೆ ಸೆಡೆತು ಬಗ್ಗದಾದಾಗ ಕಾರ್ಖಾನೆ ಬಿಟ್ಟು ಈ ಕೊಳಕ್ಕೆ ಬಂದಳು. ಹನ್ನೊಂದು ವರ್ಷದ ಹಿಂದೆ ಏವಿಂದುರ್ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ಆಮೇಲೆ ಅವಳ ಪಾಲಿಗೆ ಉಳಿದದ್ದು ಕೊಳ, ಮೊಮ್ಮಕ್ಕಳು, ಮತ್ತು ಮೇ ತಿಂಗಳ ಆ ಒಂದು ಶನಿವಾರ.

ಆ ಶನಿವಾರ ಯುರೋಪಿನ ದೇಶಗಳೆಲ್ಲ ಒಂದೇ ವೇದಿಕೆಯಲ್ಲಿ ಹಾಡಿ ಅಂಕ ಎಣಿಸಿಕೊಳ್ಳುವ ಸ್ಪರ್ಧೆ ಟಿ.ವಿ.ಯಲ್ಲಿ ಬರುತ್ತದೆ. ಐಸ್‌ಲ್ಯಾಂಡ್ ಮೊದಲ ಸಲ ಹಾಡು ಕಳಿಸಿದ ವರ್ಷ ಯೋರುನ್‌ಗೆ ಇಪ್ಪತ್ತೆರಡು. ಗೆದ್ದೇಬಿಟ್ಟೆವು ಎಂದು ಇಡೀ ದೇಶ ನಂಬಿ ಕೂತಿತ್ತು. ಸಿಕ್ಕಿದ್ದು ಹದಿನಾರನೆಯ ಸ್ಥಾನ. ಅಂದು ಸಭಾಂಗಣದಲ್ಲಿ ಟಿ.ವಿ. ಇಟ್ಟು ಊರಿಗೆಲ್ಲ ಮೀನಿನ ಸಾರು ಬಡಿಸಿದ್ದ ಯೋರುನ್, ಅಲ್ಲಿಂದ ಮುಂದೆ ಒಂದು ವರ್ಷವೂ ತಪ್ಪಿಸಲಿಲ್ಲ. ಊರವರು ಹಾಡುಗಳಿಗೆ ತಾವೇ ಅಂಕ ಹಾಕುವ ಚೀಟಿಯನ್ನು ಅವಳೇ ಗೆರೆ ಎಳೆದು ಮಾಡುತ್ತಿದ್ದಳು. ಏವಿಂದುರ್‌ನ ಜೊತೆಗಾರ, ಹಡಗಿನ ಎಂಜಿನ್ ನೋಡಿಕೊಳ್ಳುತ್ತಿದ್ದ ಬೌರ್ದುರ್, ಚೀಟಿ ಕೂಡಿಸಿ ಫಲಿತಾಂಶ ಓದುತ್ತಿದ್ದ. ಹಿಂದೆ ಎರಡು ಸಲ ಅಂಕ ಸಾಲದೆ ದೇಶವೇ ಹೊರಗುಳಿದಾಗಲೂ ಸಭಾಂಗಣ ಕಿಕ್ಕಿರಿದಿತ್ತು. ನಮ್ಮವರಿಗೆ ಅನ್ಯಾಯವಾಯಿತು, ಅಕ್ಕಪಕ್ಕದ ದೇಶದವರು ತಮ್ಮತಮ್ಮಲ್ಲೇ ಅಂಕ ಹಂಚಿಕೊಂಡರು ಎಂದು ಮುಂದಿನ ಒಂದು ತಿಂಗಳು ಹಂಡೆಯಲ್ಲಿ ಜಗಳ. ಆ ಜಗಳದಿಂದ ಯೋರುನ್‌ಗೆ ಯಾವತ್ತೂ ತಲೆನೋವು ಬಂದಿರಲಿಲ್ಲ.

ತಲೆನೋವು ಶುರುವಾದದ್ದು ಹೋದ ವರ್ಷ ಶರತ್ಕಾಲದಲ್ಲಿ. ಯುದ್ಧ ನಡೆಸುತ್ತಿದ್ದ ಒಂದು ದೇಶವನ್ನು ಸ್ಪರ್ಧೆಯಲ್ಲಿ ಉಳಿಸಿಕೊಳ್ಳಬೇಕೋ ಹೊರಗಿಡಬೇಕೋ, ಅದು ಉಳಿದರೆ ನಾವು ಹೋಗಬೇಕೋ ಬೇಡವೋ ಎಂಬ ಮಾತು ಎಲ್ಲೆಡೆ ಎದ್ದಿತ್ತು. ಹಂಡೆಯಲ್ಲಿ ಆ ದೇಶದ ಹೆಸರೆತ್ತಿದರೆ ಅರ್ಧ ಜನ ಎದ್ದು ಹೋಗುತ್ತಿದ್ದರು, ಉಳಿದರ್ಧ ಜನ ದನಿ ಏರಿಸುತ್ತಿದ್ದರು. ಹೋಗಬಾರದು ಎಂಬ ಪಕ್ಷಕ್ಕೆ ಶಿಶುವಿಹಾರದ ಶಿಕ್ಷಕಿ ವೇದಿಸ್ ಮುಂದಾಳು. ಮೂವತ್ತನಾಲ್ಕು ವರ್ಷದ ಚುರುಕು ಹೆಂಗಸು. ಹುಟ್ಟಿದಾಗಿನಿಂದ ಯೋರುನ್‌ಳ ಮೀನಿನ ಸಾರು ಕುಡಿದೇ ಆ ಸ್ಪರ್ಧೆ ನೋಡಿದವಳು. ಹಾಡಿಗೂ ಬಾಂಬಿಗೂ ಏನು ಸಂಬಂಧ ಎನ್ನುವ ಪಕ್ಷಕ್ಕೆ ಬೌರ್ದುರ್. ಅರವತ್ತೊಂಬತ್ತಾದರೂ ಅವನ ಗಂಟಲು ಹಡಗಿನ ಎಂಜಿನ್ನಿನ ಸದ್ದನ್ನು ಮೀರಿಸುವಷ್ಟೇ ಗಟ್ಟಿ.

ಮೊದಮೊದಲು ಯೋರುನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಇಬ್ಬರೂ ದಿನಕ್ಕೊಂದು ಹೊತ್ತು ಅವಳ ಗಾಜಿನ ಕೋಣೆಗೆ ಬಂದು ದೂರು ಹೇಳತೊಡಗಿದರು. ಅವನು ಕಲ್ಲೆದೆಯವನು ಎಂದು ಇವಳು, ಅವಳು ನೀತಿಪಾಠದವಳು ಎಂದು ಅವನು. ಕೊನೆಗೊಂದು ದಿನ ಯೋರುನ್ ಒಂದು ಹಲಗೆ ಬರೆದು ಹಂಡೆಯ ಮೇಲೆ ನೇತುಹಾಕಿದಳು. ಹಾಡಿನ ಸ್ಪರ್ಧೆಯ ಮಾತು ಇಲ್ಲಿ ಆಡಬಾರದು. ಎರಡೇ ದಿನ ಶಾಂತಿ ನೆಲೆಸಿತು. ಮೂರನೆಯ ದಿನ ಬೌರ್ದುರ್ ಹವಾಮಾನದ ಬಗ್ಗೆ ಮಾತು ತೆಗೆದ. ಬಿರುಗಾಳಿ ಬಂತು ಅಂತ ಮನೆಯಲ್ಲೇ ಕೂತರೆ ಮೀನು ಹಿಡಿಯೋರು ಯಾರು ಎಂದ. ಬಿರುಗಾಳಿಯಲ್ಲಿ ಮುಳುಗಿದವರನ್ನು ನೋಡಿಕೊಂಡೇ ಬಲೆ ಬೀಸುವವರು ಎಂಥವರು ಎಂದು ವೇದಿಸ್ ತಿರುಗಿಸಿ ಕೊಟ್ಟಳು. ಅರ್ಧ ಗಂಟೆ ಬಿರುಗಾಳಿಯ ಮಾತೇ ನಡೆಯಿತು. ಹೊರಗೆ ಒಂದೆಳೆ ಗಾಳಿಯಿರಲಿಲ್ಲ. ಯೋರುನ್ ಹಲಗೆಯನ್ನು ಕಿತ್ತು ಕಸದ ಡಬ್ಬಿಗೆ ಹಾಕಿದಳು.

ಆ ವರ್ಷ ಊರಿನ ಮೀನಿನ ಕಾರ್ಖಾನೆಗೆ ಹನಾದಿ ಎಂಬ ಹೆಂಗಸು ಸೇರಿದ್ದಳು. ಆ ದೇಶದ ಬಾಂಬು ಬೀಳುತ್ತಿದ್ದ ನೆಲದಿಂದ ಬಂದವಳು. ಪಾಳಿ ಮುಗಿಸಿ ಉದ್ದ ತೋಳಿನ ಈಜುಡುಗೆ ತೊಟ್ಟು ಹಂಡೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಒಂದು ದಿನ ವಾದ ಕಾವೇರಿದಾಗ ವೇದಿಸ್ ಅವಳ ಕಡೆ ತಿರುಗಿದಳು.

"ಇವಳನ್ನೇ ಕೇಳೋಣ. ಹನಾದಿ, ನೀನು ಹೇಳು, ನಾವು ಅಲ್ಲಿಗೆ ಹೋಗಿ ಹಾಡ್ಬೇಕಾ?"

"ಹೇಳಮ್ಮ, ಹೇಳು. ಒಂದು ಹಾಡು ನಿಲ್ಸಿದ್ರೆ ಒಂದು ಬಾಂಬು ನಿಲ್ಲುತ್ತಾ?" ಎಂದು ಬೌರ್ದುರ್ ಕೂಡ ಅತ್ತ ತಿರುಗಿದ.

ಹನಾದಿ ಕಣ್ಣು ತೆರೆದು ಇಬ್ಬರನ್ನೂ ನೋಡಿದಳು. ಅವಳಿಗೆ ಇಲ್ಲಿನ ಭಾಷೆ ಇನ್ನೂ ಅಷ್ಟಾಗಿ ಹತ್ತಿರಲಿಲ್ಲ. "ನಾನು ಬಿಸಿನೀರಿಗೆ ಬಂದೆ" ಎಂದಷ್ಟೇ ಹೇಳಿ ಎದ್ದು ಹೋದಳು.

ಯೋರುನ್‌ಗೆ ಮೈಯೆಲ್ಲ ಉರಿಯಿತು. ಇಬ್ಬರಿಗೂ ಒಂದು ವಾರ ಹಂಡೆಗೆ ಪ್ರವೇಶವಿಲ್ಲ ಎಂದಳು. ಅಂಥ ನಿಯಮ ಎಲ್ಲಿದೆ ಎಂದು ಬೌರ್ದುರ್ ಕೇಳಿದ್ದಕ್ಕೆ, ಈಗಷ್ಟೇ ಹುಟ್ಟಿತು ಎಂದಳು.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಹನಾದಿ ಒಬ್ಬಳೇ ಬಂದಳು. ಭಾನುವಾರ ಎರಡಕ್ಕೆ ಕೊಳ ಮುಚ್ಚುತ್ತದೆ. ಎರಡಾಯಿತು, ಎಲ್ಲರೂ ಎದ್ದು ಹೋದರು, ಅವಳು ಮಾತ್ರ ಏಳಲಿಲ್ಲ. ಯೋರುನ್ ಹೊತ್ತಾಯಿತು ಎಂದು ಹೇಳಲು ಹಂಡೆಯ ಬಳಿ ಹೋದಳು. ಹನಾದಿ ತಲೆಯೆತ್ತಿ, "ನನ್ನ ತಮ್ಮ" ಎಂದಳು. ಮುಂದಕ್ಕೆ ಪದ ಸಿಗಲಿಲ್ಲವೋ ಬೇಡವಾಯಿತೋ, ಅಂಗೈಯನ್ನು ನೀರಿನ ಮೇಲೆ ಮಲಗಿಸಿದಳು. ಯೋರುನ್ ಒಳಗೆ ಬಂದು ಬೀದಿಯ ಬಾಗಿಲಿಗೆ ಚಿಲಕ ಹಾಕಿದಳು. ಕಾಫಿ ಕಾಯಿಸಿ ಒಂದು ಲೋಟ ಹಂಡೆಯ ಅಂಚಿನಲ್ಲಿಟ್ಟು ಬಂದಳು. ತೊಳೆದ ನೆಲವನ್ನೇ ಇನ್ನೊಮ್ಮೆ ತೊಳೆದಳು. ನಾಲ್ಕು ಗಂಟೆಗೆ ಹನಾದಿ ತಾನಾಗಿ ಎದ್ದು, ಬಟ್ಟೆ ಹಾಕಿಕೊಂಡು, ತಲೆಬಾಗಿಸಿ ಹೊರಟುಹೋದಳು.

ಮರುದಿನ ಯೋರುನ್ ಅಂಗಡಿಗೆ ಹಾಲು ತರಲು ಹೋದಾಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ವೇದಿಸ್ ಇಟ್ಟ ಮನವಿ ಪತ್ರ ಬಿದ್ದಿತ್ತು. ಆ ದೇಶ ಸ್ಪರ್ಧೆಯಲ್ಲಿರುವ ತನಕ ನಮ್ಮ ಹಾಡು ಹೋಗಬಾರದು ಎಂಬ ಒಕ್ಕಣೆ. ಅದರ ಕೆಳಗೆ ನಲವತ್ತು ಸಹಿಗಳಿದ್ದವು. ಯೋರುನ್ ನಲವತ್ತೊಂದನೆಯದನ್ನು ಹಾಕಿ ಹಾಲು ಎತ್ತಿಕೊಂಡು ಬಂದಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಹೇಳದಿದ್ದರೇನು, ವೇದಿಸ್ ಇದ್ದಳಲ್ಲ. ಯೋರುನ್ ಕೂಡ ನಮ್ಮ ಕಡೆ ಎಂದು ಎರಡು ದಿನದಲ್ಲಿ ಊರಿಗೆಲ್ಲ ಸಾರಿದಳು. ಕೊಳಕ್ಕೆ ಬಂದು ಅಪ್ಪಿಕೊಳ್ಳಲು ಹೋದವಳನ್ನು ಯೋರುನ್ ಕೈಯಳತೆಯ ದೂರದಲ್ಲೇ ನಿಲ್ಲಿಸಿದಳು.

"ನಾನು ಯಾರ ಕಡೆನೂ ಅಲ್ಲ. ಸಹಿ ಹಾಕಿದೀನಿ, ಅಷ್ಟೆ. ಅದನ್ನ ಬಾವುಟ ಮಾಡ್ಕೊಂಡು ಊರೆಲ್ಲ ಮೆರವಣಿಗೆ ಮಾಡ್ಬೇಡ."

"ಆದ್ರೆ ಯೋರುನ್, ನಿನ್ನ ಹೆಸರು ನೋಡಿದ್ರೆ ಇನ್ನೂ ಜನ ಹಾಕ್ತಾರೆ."

"ನನ್ನ ಹೆಸರು ನೋಡಿ ಹಾಕೋರು ಬೇಡವೇ ಬೇಡ. ತಲೆ ತೊಳ್ಕೊಂಡು ನೀರಿಗೆ ಇಳಿ, ಹೋಗು."

ಡಿಸೆಂಬರಿನಲ್ಲಿ, ಈ ಸಲ ದೇಶ ಹಾಡು ಕಳಿಸುವುದಿಲ್ಲ ಎಂಬ ತೀರ್ಮಾನ ಸುದ್ದಿಯಲ್ಲಿ ಬಂತು. ಓಲಾಫ್ಸ್‌ವೀಕ್‌ನ ಸಹಿಗಳಿಂದ ಆದದ್ದೇನೂ ಅಲ್ಲ, ದೇಶದ ತುಂಬ ಅಂಥ ಮಾತಿತ್ತು. ಆದರೆ ಮರುದಿನದಿಂದ ಬೌರ್ದುರ್ ಕೊಳಕ್ಕೆ ಬರುವುದನ್ನು ಬಿಟ್ಟ. ಮಂಡಿನೋವಿಗೆ ಬಿಸಿನೀರು ಬಿಟ್ಟರೆ ಬೇರೆ ಮದ್ದಿಲ್ಲದ ಮನುಷ್ಯ. ಒಂದು ವಾರ ಕಳೆಯಿತು, ಎರಡು ಕಳೆಯಿತು. ಹಂಡೆಯಲ್ಲಿ ಅವನು ಕೂರುತ್ತಿದ್ದ ಜಾಗ ಖಾಲಿ ಬಿದ್ದಿರುವುದನ್ನು ಕಂಡಾಗಲೆಲ್ಲ ಯೋರುನ್‌ಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಹೊಸ ವರ್ಷ ಕಳೆದ ಮೇಲೆ ತಾನೇ ಕರಿದ ಕ್ಲೈನಾ ಎಂಬ ಸಿಹಿ ತಿಂಡಿಯನ್ನು ಡಬ್ಬಿಗೆ ತುಂಬಿಕೊಂಡು ಅವನ ಮನೆಗೆ ಹೋದಳು. ಅವನು ಕೋಲೂರಿಕೊಂಡು ಬಂದು ಬಾಗಿಲು ತೆಗೆದ. ಕಾಫಿ ಮಾಡಿದ. ಎರಡು ಕ್ಲೈನಾ ತಿಂದು ಮುಗಿಸಿದ.

"ನಲವತ್ತು ವರ್ಷ ಜೊತೇಲಿ ಅಂಕ ಎಣ್ಸಿದೀವಿ. ನನಗೊಂದು ಮಾತು ಹೇಳದೆ ಸಹಿ ಹಾಕಿದೆ" ಎಂದ.

"ಹೇಳಿದ್ರೆ ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಿತ್ತು."

ಆಮೇಲೆ ಅವನು ತನ್ನ ಹತ್ತೊಂಬತ್ತನೆಯ ವಯಸ್ಸಿನ ಕಥೆ ತೆಗೆದ. ಆಗ ಮೀನುಗಾರಿಕೆಯ ಹಕ್ಕಿನ ಸಲುವಾಗಿ ಇಂಗ್ಲಿಷರ ಜೊತೆ ಜಗಳ ನಡೆದಿತ್ತು. ಅವನು ಕರಾವಳಿ ಕಾವಲು ಹಡಗಿನಲ್ಲಿದ್ದ. ಒಂದು ಬೆಳಿಗ್ಗೆ ಇಂಗ್ಲಿಷರ ಯುದ್ಧನೌಕೆ ಬಂದು ಇವರ ಹಡಗಿನ ಪಕ್ಕೆಗೆ ಗುದ್ದಿತು, ಅಡುಗೆಮನೆಯ ಪಾತ್ರೆಗಳೆಲ್ಲ ಉರುಳಿದವು. ಅದೇ ಸಂಜೆ ರೇಡಿಯೋದಲ್ಲಿ, ಐಸ್‌ಲ್ಯಾಂಡ್ ಆಗಿನ್ನೂ ಸೇರಿರದ ಆ ಸ್ಪರ್ಧೆಯ ಹಾಡುಗಳು ಬಂದವು. ಎಲ್ಲರಿಗಿಂತ ಚೆನ್ನಾಗಿದ್ದದ್ದು ಇಂಗ್ಲಿಷರ ಹಾಡೇ. ಹಡಗಿನ ಅಷ್ಟೂ ಹುಡುಗರು ಬೈದುಕೊಂಡೇ ಅದಕ್ಕೆ ಪೂರ್ತಿ ಅಂಕ ಕೊಟ್ಟರು.

"ದ್ವೇಷ ಹೋಗ್ಲಿಲ್ಲ, ಯೋರುನ್. ಆದ್ರೆ ಹಾಡನ್ನ ಹಾಡು ಅಂತ ಕೇಳಿದ್ವಿ. ಅಷ್ಟು ದೊಡ್ಡತನ ನಮಗಿತ್ತು. ಈಗ ಎಲ್ಲಿ ಹೋಯ್ತು ಅದು?"

ಯೋರುನ್ ಲೋಟ ಕೆಳಗಿಟ್ಟಳು. "ನಿಮ್ಮ ಹಡಗಿಗೆ ಗುದ್ದಿದಾಗ ಪಾತ್ರೆ ಬಿದ್ವು. ಅಲ್ಲಿ ಬೀಳ್ತಿರೋದು ಪಾತ್ರೆ ಅಲ್ಲ" ಎಂದಳು.

ಬೌರ್ದುರ್ ಕಿಟಕಿಯ ಕಡೆ ಮುಖ ತಿರುಗಿಸಿದ. ಅದು ತನಗೂ ಗೊತ್ತು ಎಂದ. ಗೊತ್ತಿದ್ದೂ ತನ್ನ ಮನಸ್ಸು ಒಪ್ಪುತ್ತಿಲ್ಲ, ವರ್ಷಕ್ಕೊಂದು ಸಂಜೆಯಾದರೂ ಲೋಕದ ಹೊಲಸು ಕಾಣದ ಹಾಗೆ ಕೂರಬೇಕು ಅನ್ನಿಸುತ್ತದೆ, ಅದು ತಪ್ಪಾ ಎಂದು ಕೇಳಿದ. ಯೋರುನ್ ಉಳಿದ ಕ್ಲೈನಾಗಳನ್ನು ತಟ್ಟೆಗೆ ಸುರಿದು ಡಬ್ಬಿ ಮುಚ್ಚಿದಳು. ಮಂಡಿಯನ್ನಾದರೂ ನೋಡಿಕೋ, ಕೊಳಕ್ಕೆ ಬಾ ಎಂದಳು. ಅವನು ಬರುವುದಿಲ್ಲ ಎಂದ. ಖಾಲಿ ಡಬ್ಬಿ ಹಿಡಿದು ಹಿಂತಿರುಗಿದಳು.

ಮೇ ತಿಂಗಳು ಬಂತು. ಸಭಾಂಗಣ ಬೇಕೇ ಎಂದು ಅದರ ಉಸ್ತುವಾರಿಯವನು ಕೇಳಿದಾಗ ಯೋರುನ್ ಬೇಡ ಎಂದುಬಿಟ್ಟಳು. ನೋಡಲೇಬೇಕು ಎನ್ನುವವರು ಹೇಗಾದರೂ ನೋಡಿಕೊಳ್ಳಬಹುದಿತ್ತು. ಆದರೆ ಹೋಗಬಾರದು ಎಂದವರಿಗೆ ನೋಡಲು ಸಂಕೋಚ. ಹೋಗಬೇಕಿತ್ತು ಎಂದವರಿಗೆ, ನಮ್ಮವರೇ ಇಲ್ಲದ ಮೇಲೆ ನೋಡುವುದೇನು ಎಂಬ ಮುನಿಸು. ಹೀಗಾಗಿ ಆ ಶನಿವಾರ, ಸ್ಪರ್ಧೆ ಶುರುವಾಗುವ ಸಂಜೆ ಏಳಕ್ಕೆ, ಏನು ಮಾಡಬೇಕೆಂದು ಊರಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಪ್ರತಿ ವರ್ಷ ಆ ದಿನ ಕೊಳಕ್ಕೆ ನರಪಿಳ್ಳೆಯೂ ಬರುತ್ತಿರಲಿಲ್ಲವಾದ್ದರಿಂದ ಸಂಜೆ ಐದಕ್ಕೇ ಮುಚ್ಚುವುದು ವಾಡಿಕೆ. ಯೋರುನ್ ಅಂದೂ ಐದಕ್ಕೆ ಮುಚ್ಚಿ ಲೆಕ್ಕದ ಹಾಳೆಗಳನ್ನು ಜೋಡಿಸುತ್ತ ಕೂತಿದ್ದಳು. ಆರೂವರೆಗೆ ಯಾರೋ ಗಾಜು ತಟ್ಟಿದರು. ನೋಡಿದರೆ ವೇದಿಸ್, ಅವಳ ಗಂಡ, ಎರಡು ಮಕ್ಕಳು, ಎಲ್ಲರ ಕೈಯಲ್ಲೂ ಟವೆಲ್. ಅವರ ಹಿಂದೆ ಅಂಗಡಿಯವರು. ಅವರ ಹಿಂದೆ ಪಾದ್ರಿ. ಏಳಾಗುವಷ್ಟರಲ್ಲಿ ಮೂವತ್ತು ಜನ ಬಾಗಿಲಲ್ಲಿ ಸಾಲುಗಟ್ಟಿದ್ದರು. ಆ ತಿಂಗಳಲ್ಲಿ ರಾತ್ರಿ ಹನ್ನೊಂದರ ಹತ್ತಿರಕ್ಕೆ ಮುಳುಗುವ ಸೂರ್ಯ ಆಕಾಶದಲ್ಲಿ ಇನ್ನೂ ಎತ್ತರದಲ್ಲೇ ಇದ್ದ. ಮುಚ್ಚಿದೆ ಎಂದು ಯೋರುನ್ ಗಾಜಿನೊಳಗಿಂದಲೇ ಕೈಯಾಡಿಸಿದಳು. ಒಬ್ಬರೂ ಕದಲಲಿಲ್ಲ. ಗೊಣಗಿಕೊಂಡೇ ಚಿಲಕ ತೆಗೆದಳು. ಎಲ್ಲರೂ ಸೋಪು ಹಚ್ಚಿ ಮೈ ತೊಳೆದುಕೊಂಡೇ ಇಳಿಯಬೇಕು, ಪಾದ್ರಿಗೂ ರಿಯಾಯಿತಿ ಇಲ್ಲ ಎಂದು ಬಾಗಿಲಲ್ಲೇ ಜೋರು ಮಾಡಿದಳು.

ಹಂಡೆಯಲ್ಲಿ ಹತ್ತು ಜನರ ಜಾಗಕ್ಕೆ ಹದಿನಾರು ಜನ ತುಂಬಿದರು, ಉಳಿದವರು ಪಕ್ಕದ ಕೊಳಕ್ಕಿಳಿದರು. ಮೊದಲಿಗೆ ಎಲ್ಲರೂ ಸಾವಿನ ಮನೆಯಲ್ಲಿ ಕೂತಂತೆ ಕೂತರು. ಆಮೇಲೆ ಅಂಗಡಿಯವನು, ಹದಿನಾರನೆಯ ಸ್ಥಾನ ಬಂದ ಆ ಮೊದಲ ವರ್ಷ ನಮಗೆ ನಿಜಕ್ಕೂ ಮೋಸವಾಯಿತೇ ಎಂದು ಸುಮ್ಮನೆ ಕೇಳಿದ. ಬಂತು ನೋಡಿ ಜೀವ. ಯಾವ ದೇಶ ಎಷ್ಟು ಅಂಕ ಕೊಟ್ಟಿತ್ತು, ಯಾರು ಶ್ರುತಿ ತಪ್ಪಿದರು, ಯಾರ ಅಂಗಿ ಹೇಗಿತ್ತು ಎಂದು ಆಗ ಹುಟ್ಟದವರೂ ವಾದಕ್ಕಿಳಿದರು. ವೇದಿಸ್ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು. ಫೋನು ತಂದು ಹಳೆಯ ಪಟ್ಟಿ ತೆಗೆಯಲು ಹೋದ ಅವಳ ಗಂಡನಿಗೆ ಯೋರುನ್ ದೂರದಿಂದಲೇ ಬೆರಳು ತೋರಿಸಿದಳು. ಅವನು ಫೋನನ್ನು ಟವೆಲ್ಲಿನೊಳಗೆ ಸುತ್ತಿಟ್ಟ.

ಏಳೂವರೆಯ ಸುಮಾರಿಗೆ ಬೌರ್ದುರ್ ಬಂದ. ಐದು ತಿಂಗಳ ಮೇಲೆ. ಟಿಕೇಟಿಗೆ ನಿಂತಾಗ ಯೋರುನ್‌ಳ ಮುಖ ನೋಡಲಿಲ್ಲ, ಮಂಡಿ ಎಂದಷ್ಟೇ ಹೇಳಿದ. ಹಂಡೆಯಲ್ಲಿ ವೇದಿಸ್ ಸರಿದು ಜಾಗ ಮಾಡಿಕೊಟ್ಟಳು. ಅವನು ಥ್ಯಾಂಕ್ಸ್ ಅನ್ನಲಿಲ್ಲ. ಆದರೆ ಅವಳು ಹೇಳುತ್ತಿದ್ದ ಅಂಕವೊಂದು ತಪ್ಪು ಎಂದು ಕೂತ ಕೂಡಲೇ ತಿದ್ದಿದ. ಅದಕ್ಕೂ ಒಂದು ಜಗಳವಾಯಿತು.

ಒಂಬತ್ತೂವರೆಗೆ ಯೋರುನ್ ಸೀಟಿ ಊದಿ ಎಲ್ಲರನ್ನೂ ಎಬ್ಬಿಸಿದಳು. ಅವಳ ಬೆನ್ನು ನೋಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಇಷ್ಟು ಜನರ ಹಿಂದೆ ನೆಲ ಒರೆಸಬೇಕಲ್ಲ ಎಂಬ ಯೋಚನೆಗೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಉಳಿದವನು ಬೌರ್ದುರ್. ಮೆಟ್ಟಿಲು ಹತ್ತಿ ಬಂದು ಅವಳೆದುರು ನಿಂತ. ಮೈಯಿಂದ ನೀರು ಸುರಿಯುತ್ತಿತ್ತು.

"ಸಹಿ ಹಾಕಿದ್ದು ತಪ್ಪು ಅಂತ ಈಗ್ಲೂ ಹೇಳ್ತೀನಿ."

"ಹೇಳು. ಸೋಮವಾರ ಏಳು ಗಂಟೆಗೆ ಬಂದು ಹೇಳು. ಈಗ ಅಲ್ಲೇ ನಿಂತು ಮೈ ಒರೆಸ್ಕೊ, ನೆಲ ಹಾಳು ಮಾಡ್ಬೇಡ."

ಸೋಮವಾರ ಅವನು ಆರೂ ಮುಕ್ಕಾಲಿಗೇ ಬಂದು ಬಾಗಿಲಲ್ಲಿ ನಿಂತಿದ್ದ. ಮತ್ತು ಹೇಳಿದ.